ಪಿಕಪ್ಪಿಗೆ ಗಾಳಿ ಬಲೂನು ಕೂರಿಸುವವರು ಬ್ರೇಕಿನ ಸರಳನ್ನು ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ತರಕಾರಿ, ಹೂವು, ಮೊಟ್ಟೆ ಸಾಗಿಸುವ ಹಳೆಯ ಪಿಕಪ್ ವಾಹನಗಳ ಹಿಂದಿನ ಆಕ್ಸಲಿನ, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ, ಮೇಲೆ ಗಾಳಿಯ ಬಲೂನು ಕೂರಿಸಿ, ಬಸ್ಸಿಗಿರುವಂಥ ಏರ್ ಸಸ್ಪೆನ್ಷನ್ನನ್ನು ಊರಿನ ಗ್ಯಾರೇಜಿನಲ್ಲಿಯೇ ಮಾಡಿಕೊಳ್ಳುವ ಕೆಲಸ ನಮ್ಮ ಕಡೆ ಅಲ್ಲಲ್ಲಿ ನಡೆಯುತ್ತಿದೆ. ಮೊಬೈಲಿನಲ್ಲಿ ಅದರ ವಿಡಿಯೊ ನೋಡಿ ಉತ್ಸಾಹಗೊಂಡ ಯುವಕರು ನನ್ನನ್ನೂ ಹುಡುಕಿಕೊಂಡು ಬಂದು ವಿಚಾರಿಸುತ್ತಾರೆ. ನಾನು ಬಸ್ ಡಿಪೊ ಒಂದರಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಈಗ ಮನೆಯ ತೋಟದ ಟೊಮೆಟೊ ಸಾಗಿಸಲು 2007ರ ಮಾದರಿಯ ಪಿಕಪ್ಪೊಂದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ಕೈಯಾರೆ ಬಲೂನು ಕೂರಿಸಿ, ಒಂದು ಬೆಳೆಗಾಲ ಓಡಿಸಿ, ಒಮ್ಮೆ ಘಾಟಿಯಲ್ಲಿ ಬೆವತು, ಕಡೆಗೆ ಬಿಚ್ಚಿಟ್ಟಿದ್ದೇನೆ. ಬಲೂನು ಒಡೆದರೆ ಗತಿಯೇನು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಒಡೆದರೆ ಗಾಡಿ ಹಳೆಯ ಸ್ಪ್ರಿಂಗಿನ ಮೇಲೆ ಕೂರುತ್ತದೆ, ಅಷ್ಟೆ. ನಿಜವಾದ ಅಪಾಯವಿರುವುದು ಬ್ರೇಕಿಗೆ ಸೇರಿದ ಒಂದು ಗೇಣುದ್ದದ ಸರಳಿನಲ್ಲಿ. ಅದನ್ನು ಯಾವ ವಿಡಿಯೊದಲ್ಲಿಯೂ ನಾನು ಕಾಣಲಿಲ್ಲವಾದ್ದರಿಂದ ಈ ಪತ್ರ.

ಮೊದಲಿಗೆ ಈ ಆಸೆ ಹುಟ್ಟುವುದೇಕೆ ಎಂಬುದನ್ನು ಹೇಳಬೇಕು. ಪಿಕಪ್ಪಿನ ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಗ್ಯಾರೇಜಿನವರು ಪಾಟಾ ಎನ್ನುವ ಕಮಾನು, ತುಂಬಿದ ಗಾಡಿಯ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಗಾಡಿ ಖಾಲಿಯಿದ್ದಾಗ ಅದು ಮರದ ದಿಮ್ಮಿಯಂತೆ ಗಡುಸಾಗಿದ್ದು ಪ್ರತಿ ಗುಂಡಿಗೂ ಹಿಂಭಾಗ ಎಗರುತ್ತದೆ. ಹದಿನೈದು ವರ್ಷ ದುಡಿದು ಕಮಾನು ಚಪ್ಪಟೆಯಾದ ಮೇಲಂತೂ ಭಾರ ಹೇರಿದೊಡನೆ ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ರಬ್ಬರ್ ಬಫರಿಗೆ ಬಡಿಯುತ್ತದೆ. ಆ ಬಡಿತವನ್ನೆಲ್ಲ ತಿನ್ನುವುದು ಕೆಳಸಾಲಿನ ಕ್ರೇಟುಗಳ ಹಣ್ಣು. ಮಂಡಿಯಲ್ಲಿ 15 ಕೆ.ಜಿ. ಕ್ರೇಟಿನ ಮುಚ್ಚಳ ತೆಗೆದಾಗ ಮೂಲೆಯಲ್ಲಿ ರಸ ಸೋರಿರುವುದು ಕಂಡರೆ ಹರಾಜಿನವನು ಕೈ ಹಿಂದೆಳೆಯುತ್ತಾನೆ. ಇದಕ್ಕೆ ರೂಢಿಯಲ್ಲಿರುವ ಉಪಾಯವೆಂದರೆ ಇನ್ನೆರಡು ಪಾಟಾ ಸೇರಿಸುವುದು. ಅದರಿಂದ ಬಫರಿಗೆ ಬಡಿಯುವುದು ನಿಲ್ಲುತ್ತದೆ, ಖಾಲಿ ಗಾಡಿಯ ಗಡುಸುತನ ಇಮ್ಮಡಿಸುತ್ತದೆ, ಹಣ್ಣಿಗೆ ಲಾಭವೇನೂ ಆಗದು. ಗಾಳಿಯ ಗುಣ ಬೇರೆ. ಭಾರ ಹೆಚ್ಚಿದಾಗ ಒತ್ತಡ ಏರಿಸಿ, ಇಳಿದಾಗ ಇಳಿಸಿ, ಎರಡೂ ಸ್ಥಿತಿಯಲ್ಲಿ ಗಾಡಿಯನ್ನು ಹೆಚ್ಚುಕಡಿಮೆ ಒಂದೇ ಹದದಲ್ಲಿ ತೂಗಿಸಬಹುದು. ವೋಲ್ವೊ ಬಸ್ಸಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಕಾರ್ಖಾನೆಯಲ್ಲಿ ತಯಾರಾದದ್ದೆಲ್ಲ ನಿರ್ದೋಷಿಯಾಗಿರುತ್ತದೆ ಎಂದುಕೊಳ್ಳಬೇಕಾಗಿಲ್ಲ. 1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಅತಿ ದುಬಾರಿ ಎಲ್ಡೊರಾಡೊ ಬ್ರೋಮ್ ಕಾರಿಗೆ ಏರ್ ಸಸ್ಪೆನ್ಷನ್ ಹಾಕಿತ್ತು. ಗಾಳಿ ಸೋರಿ ಸೋರಿ ಬೇಸತ್ತು ಎಷ್ಟೋ ಮಾಲೀಕರು ಅದನ್ನು ಕಿತ್ತು ಮಾಮೂಲಿ ಸುರುಳಿ ಸ್ಪ್ರಿಂಗ್ ಹಾಕಿಸಿಕೊಂಡರು.

ನಾನು ಪಾಟಾಗಳನ್ನು ಕೀಳಲಿಲ್ಲ. ಅವುಗಳ ಜೊತೆಗೆ ಬಲೂನು ಸೇರಿಸಿದೆ. ಕೆಲವರು ಪಾಟಾ ತೆಗೆದು ಬರೀ ಬಲೂನಿನ ಮೇಲೆ ಗಾಡಿ ನಿಲ್ಲಿಸಲು ಹೊರಡುತ್ತಾರೆ. ಪಾಟಾ ಭಾರ ಹೊರುವುದರ ಜೊತೆಗೆ ಆಕ್ಸಲು ಹಿಂದೆ ಮುಂದೆ ಸರಿಯದಂತೆ, ಅಡ್ಡಕ್ಕೆ ಜಾರದಂತೆ, ಬ್ರೇಕು ಒತ್ತಿದಾಗ ತನ್ನ ಸುತ್ತ ತಾನೇ ತಿರುಚಿಕೊಳ್ಳದಂತೆ ಅದನ್ನು ಹಿಡಿದಿಟ್ಟಿರುತ್ತದೆ. ಬಲೂನು ಬರೀ ರಬ್ಬರಿನ ಚೀಲ; ಅದು ಮೇಲಕ್ಕೆ ಎತ್ತಬಲ್ಲದೇ ಹೊರತು ಯಾವುದನ್ನೂ ಜಾಗದಲ್ಲಿ ಹಿಡಿಯಲಾರದು. ಬಸ್ಸಿನಲ್ಲಿ ಆ ಕೆಲಸಕ್ಕೆಂದೇ ರೇಡಿಯಸ್ ರಾಡುಗಳಿವೆ, ಅವುಗಳ ಬುಷ್ ಸವೆದರೆ ಬಸ್ಸು ಹೇಗೆ ನಾಯಿ ಓಡಿದಂತೆ ಓರೆಯಾಗಿ ಓಡುತ್ತದೆಂದು ಡಿಪೊದಲ್ಲಿ ಕಂಡಿದ್ದೇನೆ. ಊರಿನ ಗ್ಯಾರೇಜಿನಲ್ಲಿ ಕೋನದ ಕಬ್ಬಿಣ ತುಂಡರಿಸಿ ಬೆಸುಗೆ ಹಾಕಿ ಅಂಥ ರಾಡು ಮಾಡಿ, ಅದರ ಮೇಲೆ ಜನರ ಪ್ರಾಣ ಇಡುವುದನ್ನು ನಾನು ಒಪ್ಪಲಾರೆ. ಪಾಟಾಗಳ ತಟ್ಟೆಗಳು ಒಂದಕ್ಕೊಂದು ಉಜ್ಜುವುದರಿಂದ ಕುಲುಕಾಟ ತಾನಾಗಿಯೇ ಸ್ವಲ್ಪ ಅಡಗುತ್ತದೆ ಎಂಬುದೂ ಗಮನದಲ್ಲಿರಲಿ. ಗಾಳಿಗೆ ಆ ಗುಣವಿಲ್ಲ. ಶಾಕ್ ಅಬ್ಸಾರ್ಬರ್ ಸೋರುತ್ತಿರುವ ಗಾಡಿಗೆ ಬಲೂನು ಹಾಕಿದರೆ ಅದು ತೊಟ್ಟಿಲಾಗುತ್ತದೆ.

ಬಲೂನಿನ ಆಯ್ಕೆಯಲ್ಲಿ ನನ್ನ ಮೊದಲ ತಪ್ಪು ನಡೆಯಿತು. ಗುಜರಿಯಲ್ಲಿ ಬಸ್ಸಿನ ಬಲೂನು ಅಗ್ಗಕ್ಕೆ ಸಿಕ್ಕಿತು, ಪರಿಚಿತ ವಸ್ತುವಾದ್ದರಿಂದ ಮೋಹವೂ ಇತ್ತು. ಲೆಕ್ಕ ಮಾಡಿದ ಮೇಲೆ ಅದು ಆನೆಯ ಅಂಬಾರಿಯನ್ನು ಕರುವಿನ ಬೆನ್ನಿಗೆ ಕಟ್ಟಿದಂತೆ ಎಂದು ತಿಳಿಯಿತು. ಬಲೂನು ಎತ್ತುವ ಭಾರವೆಂದರೆ ಒಳಗಿನ ಒತ್ತಡವನ್ನು ಅದರ ವಿಸ್ತೀರ್ಣದಿಂದ ಗುಣಿಸಿದ್ದು. ದೊಡ್ಡ ಬಲೂನಿಗೆ ಪಿಕಪ್ಪಿನ ಭಾರ ಹೊರಲು ಅತಿ ಕಡಿಮೆ ಒತ್ತಡ ಸಾಕು. ಆದರೆ ಅಷ್ಟು ಕಡಿಮೆ ಗಾಳಿಯಲ್ಲಿ ರಬ್ಬರು ಬಿಗಿಯಾಗಿ ನಿಲ್ಲದೆ ಮಡಚಿಕೊಂಡು, ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಆಮೇಲೆ ಎರಡು ಮಡಿಕೆಯ ಸಣ್ಣ ಬಲೂನುಗಳನ್ನು ಹೊಸದಾಗಿಯೇ ಕೊಂಡೆ. ಭಾರ ಹೊರುವ ವ್ಯಾಸ ಸುಮಾರು 12 ಸೆಂಟಿಮೀಟರ್, ಅಂದರೆ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 4 ಕೆ.ಜಿ. ಒತ್ತಡ, ಬಂಕಿನವರ ಲೆಕ್ಕದಲ್ಲಿ 57 ಪೌಂಡು, ತುಂಬಿದರೆ ಒಂದೊಂದು ಬಲೂನು 450 ಕೆ.ಜಿ.ಯಷ್ಟು ಹೊರುತ್ತದೆ, ಎರಡೂ ಸೇರಿದರೆ 900 ಕೆ.ಜಿ. ಈ ಅಂಕಿ ಮುಂದೆ ಬರುವ ಸಂಗತಿಗೆ ಬೇಕು.

ಕೂರಿಸುವ ಕೆಲಸದ ವಿವರವನ್ನೆಲ್ಲ ಬರೆದರೆ ಪತ್ರ ಪುಸ್ತಕವಾದೀತು, ಆದ್ದರಿಂದ ಕೆಟ್ಟರೆ ಜೀವಕ್ಕೆ ಮುಳುವಾಗುವ ಕೆಲವನ್ನಷ್ಟೇ ಹೇಳುತ್ತೇನೆ. ಆಕ್ಸಲ್ ಹೌಸಿಂಗಿನ ಮೇಲೆ ಬೆಸುಗೆ ಹಾಕಬಾರದು. ಶಾಖಕ್ಕೆ ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಬೇರಿಂಗು, ಆಯಿಲ್ ಸೀಲು ಬೇಗ ಹೋಗುತ್ತವೆ. ಕೆಳಗಿನ ತಟ್ಟೆಯನ್ನು ಯು-ಬೋಲ್ಟಿನಿಂದ ಬಿಗಿಯಬೇಕು. ಪಾಟಾ ಗಾಡಿಯ ಭಾರವನ್ನು ತನ್ನ ಎರಡು ತುದಿಗಳಲ್ಲಿ ಚಾಸಿಯಿಂದ ಪಡೆಯುತ್ತದೆ, ಬಲೂನಾದರೋ ಆ ಎರಡರ ನಡುವೆ ಒಂದೇ ಬಿಂದುವಿನಲ್ಲಿ ಮೇಲಕ್ಕೆ ಒತ್ತುತ್ತದೆ. ಹಳೆಯ ಗಾಡಿಯಲ್ಲಿ ಆ ಜಾಗ ತುಕ್ಕು ಹಿಡಿದಿದ್ದರೆ ಅಲ್ಲೇ ಬಿರುಕು ಬಿಡುತ್ತದೆ. ಹೀಗಾಗಿ ಬಣ್ಣ ಕೆರೆದು, ಸುತ್ತಿಗೆಯಿಂದ ತಟ್ಟಿ ನೋಡಿ, ಉದ್ದನೆಯ ಹಲಗೆಯಂಥ ಉಕ್ಕಿನ ತಟ್ಟೆಯ ಮೂಲಕ ಭಾರವನ್ನು ಹಂಚಿದೆ. ಒತ್ತಿದಾಗ ಬಲೂನು ಅಗಲವಾಗುತ್ತದೆ, ಆಗ ಟೈರಿಗಾಗಲಿ ಬೋಲ್ಟಿನ ತುದಿಗಾಗಲಿ ತಾಗಬಾರದು. ಸೈಲೆನ್ಸರ್ ಕೊಳವೆ ಹತ್ತಿರವಿದ್ದರೆ ತಗಡಿನ ಮರೆ ಬೇಕೇ ಬೇಕು. ಎಡ ಬಲದ ಬಲೂನುಗಳಿಗೆ ಒಂದೇ ಕೊಳವೆಯಿಂದ ಗಾಳಿ ಕೊಡುವುದು ಹಲವರು ಮಾಡುವ ತಪ್ಪು. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಎದುರಿನ ಬಲೂನಿಗೆ ಹರಿದು, ಗಾಡಿ ವಾಲುವ ಕಡೆಗೇ ಇನ್ನಷ್ಟು ವಾಲುತ್ತದೆ. ನಾನು ಎರಡಕ್ಕೂ ಬೇರೆ ಬೇರೆ ಟೈರ್ ವಾಲ್ವ್ ಇಟ್ಟು ಬಂಕಿನಲ್ಲಿಯೇ ಗಾಳಿ ಹಾಕಿಸುತ್ತಿದ್ದೆ. ಕಂಪ್ರೆಸರು, ಟ್ಯಾಂಕುಗಳ ಗೊಡವೆಗೆ ಹೋಗಲಿಲ್ಲ. ಪಿಕಪ್ಪಿನ ಬ್ರೇಕು ಎಣ್ಣೆಯಿಂದಲೂ ವ್ಯಾಕ್ಯೂಮಿನಿಂದಲೂ ನಡೆಯುವುದಾದ್ದರಿಂದ ಅದರಲ್ಲಿ ಬಸ್ಸಿನಂತೆ ಗಾಳಿ ಟ್ಯಾಂಕೇ ಇಲ್ಲ. ಆ ಕೊರತೆ ತುಂಬಲು ಹಳೆಯ ಗ್ಯಾಸ್ ಸಿಲಿಂಡರನ್ನೋ ಬೆಂಕಿ ಆರಿಸುವ ಉಪಕರಣದ ಚಿಪ್ಪನ್ನೋ ಸೀಟಿನ ಹಿಂದೆ ಕಟ್ಟಿಕೊಂಡಿರುವುದನ್ನು ನೋಡಿ ಮೈ ಜುಮ್ಮೆಂದಿದೆ. ಒಳಗೆ ನೀರು ನಿಂತು, ತುಕ್ಕು ಹಿಡಿದು, ಸೇಫ್ಟಿ ವಾಲ್ವೂ ಇಲ್ಲದ ಆ ಚಿಪ್ಪು ಎಂದು ಸಿಡಿಯುತ್ತದೆಂದು ಯಾರು ಹೇಳಬಲ್ಲರು?

ಇನ್ನು ಘಾಟಿಯ ಸಂಗತಿ. ಜುಲೈ ತಿಂಗಳ ಒಂದು ರಾತ್ರಿ 70 ಕ್ರೇಟು ಟೊಮೆಟೊ ಹೇರಿದೆವು. ಕ್ರೇಟಿನ ತೂಕವೂ ಸೇರಿ ಸುಮಾರು 1,200 ಕೆ.ಜಿ., ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಕಾಣಿಸಿದ ಮಿತಿಯ ಒಳಗೇ ಇತ್ತು. ಖಾಲಿ ಗಾಡಿಯಲ್ಲಿ ಆಕ್ಸಲಿಗೂ ಚಾಸಿಗೂ ನಡುವೆ 18 ಸೆಂಟಿಮೀಟರ್ ಅಂತರ, ಭಾರ ಹೇರಿದಾಗ 9. ಬಲೂನಿಗೆ 4 ಕೆ.ಜಿ. ಗಾಳಿ ಹಾಕಿಸಿದ ಮೇಲೆ ಅದು ಹತ್ತಿರ ಹತ್ತಿರ 17ಕ್ಕೆ ಏರಿತು. ತುಂಬಿದ ಗಾಡಿ ಮದುವೆಗೆ ಹೊರಟ ಕಾರಿನಂತೆ ಸಮನಾಗಿ ನಿಂತದ್ದನ್ನು ನೋಡಿ ಬೀಗಿದೆ. ಮಗ ಫೋಟೊ ತೆಗೆದ. ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನವರೆಗೆ ಸವಾರಿ ಸೊಗಸಾಗಿತ್ತು. ಅಲ್ಲಿಂದ ಚಿತ್ತೂರಿನ ಕಡೆ ಮೊಗಿಲಿ ಘಾಟಿಯ ಇಳಿಜಾರು. ಎರಡನೇ ಗೇರಿನಲ್ಲಿಯೇ ಇಳಿಯುತ್ತಿದ್ದೆ. ಮುಂದಿನ ಲಾರಿ ನಿಧಾನಿಸಿತೆಂದು ಬ್ರೇಕು ಒತ್ತಿದಾಗ ಗಾಡಿ ಮೂಗು ನೆಲಕ್ಕಿಟ್ಟಂತೆ ಬಾಗಿತು, ಆದರೆ ನಿಲ್ಲಬೇಕಾದಷ್ಟು ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಮುಂದಿನ ಚಕ್ರಗಳು ಕಿರುಗುಟ್ಟಿದವು, ಲಾರಿಯ ಹಿಂಬದಿಯ ಕೆಂಪು ದೀಪ ಬಾನೆಟ್ಟಿನ ಮೇಲೆ ಬಂದಂತಾಯಿತು, ಒಂದು ಮೊಳದ ಅಂತರದಲ್ಲಿ ನಿಂತೆ. ಘಾಟಿ ಇಳಿದು ಪಕ್ಕಕ್ಕೆ ಹಾಕಿ ನೋಡಿದಾಗ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಹೊಡೆಯುತ್ತಿತ್ತು, ಮುಂದಿನ ಡಿಸ್ಕಿನ ಹತ್ತಿರಕ್ಕೆ ಕೈ ಒಯ್ಯಲಾಗಲಿಲ್ಲ. ಹಿಂದಿನ ಡ್ರಮ್ಮಿನ ಮೇಲೆ ಮಾತ್ರ ಅಂಗೈ ಇಟ್ಟುಕೊಂಡೇ ಇರಬಹುದಿತ್ತು. ಕಾಫಿ ಲೋಟದಷ್ಟೂ ಬಿಸಿಯಿರಲಿಲ್ಲ. 1,200 ಕೆ.ಜಿ. ಹೊತ್ತ ಆಕ್ಸಲು ಆ ಇಡೀ ಇಳಿಜಾರಿನಲ್ಲಿ ಕೆಲಸವನ್ನೇ ಮಾಡಿರಲಿಲ್ಲ.

ಕಾರಣ ಹುಡುಕಲು ಗಾಡಿಯ ಕೆಳಗೆ ಮಲಗಿದ್ದು ಮರುದಿನ ಮನೆಗೆ ಬಂದ ಮೇಲೆ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ದಾರಿಯಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಅದರ ಡಬ್ಬಿ ಚಾಸಿಗೆ ಕಟ್ಟಿರುತ್ತದೆ, ಅದರಿಂದ ಹೊರಟ ಸರಳೊಂದು ಆಕ್ಸಲಿಗೆ ಸೇರಿರುತ್ತದೆ. ಗಾಡಿ ಖಾಲಿಯಿದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರವಿರುವುದಿಲ್ಲ. ಪೂರ್ತಿ ಬ್ರೇಕು ಕೊಟ್ಟರೆ ಅವು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಅದಕ್ಕಾಗಿ ವಾಲ್ವು ಹಿಂದಿನ ಒತ್ತಡವನ್ನು ಕಡಿತಗೊಳಿಸುತ್ತದೆ. ಭಾರ ಹೇರಿ ಚಾಸಿ ಕೆಳಗಿಳಿದಾಗ ಸರಳು ತಿರುಗಿ, ವಾಲ್ವು ತೆರೆದು, ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಅಂದರೆ ಆ ವಾಲ್ವಿಗೆ ಭಾರವೆಂದರೇನೆಂದು ತಿಳಿಯದು. ಎತ್ತರ ಮಾತ್ರ ತಿಳಿಯುತ್ತದೆ. ನಾನು ಗಾಳಿ ತುಂಬಿ ಎತ್ತರವನ್ನು ಸರಿಮಾಡಿದ್ದೆ. ಗಾಡಿ ಖಾಲಿಯಿದೆಯೆಂದೇ ನಂಬಿದ ವಾಲ್ವು, ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿ, ಹಿಂದಿನ ಬ್ರೇಕನ್ನು ಹಿಡಿದಿಟ್ಟಿತ್ತು.

ನಾಚಿಕೆಯ ಮಾತೆಂದರೆ ಇದು ನನಗೆ ಗೊತ್ತಿರಬೇಕಾಗಿತ್ತು. ಬಲೂನಿನ ಬಸ್ಸು, ಲಾರಿಗಳಲ್ಲಿ ಎತ್ತರವನ್ನು ಕಾಯುವ ಲೆವೆಲಿಂಗ್ ವಾಲ್ವ್ ಇದ್ದು, ಎಷ್ಟೇ ಜನ ಹತ್ತಿದರೂ ಬಸ್ಸು ಅದೇ ಎತ್ತರದಲ್ಲಿ ನಿಲ್ಲುತ್ತದೆ. ಎತ್ತರದಿಂದ ಭಾರ ಅಳೆಯುವ ದಾರಿಯೇ ಅಲ್ಲಿಲ್ಲ. ಆದ್ದರಿಂದ ಅಂಥ ವಾಹನಗಳ ಲೋಡ್ ಸೆನ್ಸಿಂಗ್ ವಾಲ್ವಿಗೆ ಬಲೂನಿನಿಂದಲೇ ಒಂದು ಸಣ್ಣ ಕೊಳವೆ ಎಳೆದಿರುತ್ತಾರೆ. ಭಾರ ಹೆಚ್ಚಿದರೆ ಬಲೂನಿನ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ಬ್ರೇಕೂ ಹೆಚ್ಚುತ್ತದೆ. ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದರೆ ಮೊದಲು ಸಸ್ಪೆನ್ಷನ್ನಿಗೆ ಹೋಗುವ ಗಾಳಿಯನ್ನು ಕತ್ತರಿಸುವ ವಾಲ್ವೂ ಇರುತ್ತದೆ. ಈ ಕೊಳವೆಗಳನ್ನು ಕೈಯಾರೆ ಬಿಚ್ಚಿ ಜೋಡಿಸಿದ ನಾನೇ, ಬಸ್ಸಿನಿಂದ ಬಲೂನಿನ ಉಪಾಯವನ್ನು ಎರವಲು ತಂದು ಅದರ ಹಿಂದಿನ ಬುದ್ಧಿಯನ್ನು ಡಿಪೊದಲ್ಲೇ ಬಿಟ್ಟುಬಂದಿದ್ದೆ.

ಪರಿಹಾರವೇನೆಂದು ಕೇಳುವವರಿಗೆ: ಸರಳನ್ನು ಉದ್ದ ಮಾಡಿಯೋ ತಂತಿಯಿಂದ ಎಳೆದು ಕಟ್ಟಿಯೋ ವಾಲ್ವನ್ನು ಸದಾ ತೆರೆದಿಡುವ ಉಪಾಯವನ್ನು ಒಬ್ಬ ಮೆಕ್ಯಾನಿಕ್ ಸೂಚಿಸಿದರು. ಹಾಗೆ ಮಾಡಿದರೆ ಮಂಡಿಯಿಂದ ಖಾಲಿ ಮರಳುವಾಗ, ಮಳೆಯ ರಸ್ತೆಯಲ್ಲಿ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುವುದು ನಿಶ್ಚಿತ. ನಾನು ಮಾಡಿದ್ದು ಇಷ್ಟೆ: ಭಾರ ಹೇರಿದಾಗ ಒತ್ತಡವನ್ನು 1.5 ಕೆ.ಜಿ.ಗೆ, ಅಂದರೆ ಸುಮಾರು 21 ಪೌಂಡಿಗೆ ಮಿತಿಗೊಳಿಸಿದೆ. ಆಗ ಬಲೂನುಗಳೆರಡೂ ಸೇರಿ 340 ಕೆ.ಜಿ. ಹೊರುತ್ತವೆ, ಚಾಸಿ ಮೊದಲಿನ 9 ಸೆಂಟಿಮೀಟರಿನ ಬದಲು 6ರಷ್ಟು ಇಳಿಯುತ್ತದೆ, ಸರಳು ಮೂರರಲ್ಲಿ ಎರಡು ಪಾಲಾದರೂ ತಿರುಗುತ್ತದೆ. ಖಾಲಿ ಬರುವಾಗ ರಬ್ಬರು ಮಡಚದಷ್ಟು ಗಾಳಿ ಮಾತ್ರ ಇಡುತ್ತಿದ್ದೆ. ಬಫರಿಗೆ ಬಡಿಯುವುದು ನಿಂತಿತು, ಕೆಳಸಾಲಿನ ಹಣ್ಣು ಉಳಿಯಿತು, ಹಿಂದಿನ ಡ್ರಮ್ಮು ಮತ್ತೆ ಬಿಸಿಯಾಗತೊಡಗಿತು. ಆದರೂ ಇದು ಅಂಗೈಯಿಂದ ಅಳೆದ ಬ್ರೇಕು. ರೋಲರ್ ಯಂತ್ರದ ಮೇಲೆ ತುಂಬಿದ ಗಾಡಿಯನ್ನು ನಿಲ್ಲಿಸಿ ನಾಲ್ಕೂ ಚಕ್ರದ ಹಿಡಿತ ಅಳೆಯದೆ ಇದು ಸರಿಯಿದೆ ಎಂದು ನಾನು ಯಾರಿಗೂ ಹೇಳಲಾರೆ. ವಾಲ್ವೇ ಇಲ್ಲದ ಹಳೆಯ ಮಾದರಿಗಳೂ ಇವೆ. ತಮ್ಮ ಗಾಡಿಯಲ್ಲಿ ಇದೆಯೋ ಇಲ್ಲವೋ ಎಂದು ಕೆಳಗೆ ತೂರಿ ನೋಡಿಯೇ ಮುಂದಿನ ಮಾತು ಆಡಬೇಕು.

ವಾಲ್ವಿನಂತೆಯೇ ಮನುಷ್ಯರ ಕಣ್ಣೂ ಎತ್ತರಕ್ಕೆ ಮೋಸಹೋಗುತ್ತದೆ. ಹಿಂಭಾಗ ಕುಸಿದ ಪಿಕಪ್ಪನ್ನು ಕಂಡರೆ ಚಾಲಕನೇ ಇನ್ನು ಸಾಕೆನ್ನುತ್ತಾನೆ, ರಸ್ತೆಯಲ್ಲಿ ಪೊಲೀಸರೂ ಕೈ ಅಡ್ಡ ಹಿಡಿಯುತ್ತಾರೆ. ಬಲೂನು ಆ ಕುಸಿತವನ್ನು ಮುಚ್ಚಿಡುತ್ತದೆ. ನನ್ನನ್ನು ವಿಚಾರಿಸಲು ಬಂದವರಲ್ಲಿ ಹೆಚ್ಚಿನವರ ಎರಡನೆಯ ಪ್ರಶ್ನೆ, ‘ಇದು ಹಾಕಿದರೆ ಇನ್ನೆಷ್ಟು ಕ್ರೇಟು ಏರಿಸಬಹುದು ಅಣ್ಣಾ?’ ಎಂಬುದು. ಒಂದೂ ಇಲ್ಲ. ಟೈರು, ಬೇರಿಂಗು, ಆಕ್ಸಲ್ ಶಾಫ್ಟು, ಬ್ರೇಕು ಯಾವುದೂ ಬದಲಾಗಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕವೂ ಬದಲಾಗಿಲ್ಲ. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಕಾನೂನಿನ ಮಾತಿಗೆ ಬಂದರೆ, ಅನುಮತಿಯಿಲ್ಲದೆ ಬಲೂನು ಕೂರಿಸಿದ್ದು ನನ್ನ ತಪ್ಪೇ ಎಂದು ಒಪ್ಪಿಕೊಳ್ಳುತ್ತೇನೆ. 1988ರ ಕಾಯ್ದೆಯ 52ನೇ ಕಲಂ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಸದ ರೀತಿಯಲ್ಲಿ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಆದರೆ ಅದೇ ತಿದ್ದುಪಡಿಯು 52ನೇ ಕಲಂಗೆ ಒಂದು ಕಿಟಕಿಯನ್ನೂ ಇಟ್ಟಿದೆ: ಮಾರ್ಪಾಡುಗಳಿಗೆ ಬೇಕಾದ ನಿರ್ದಿಷ್ಟತೆಗಳನ್ನು, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಬಹುದು. ಸಿಎನ್‌ಜಿ ಕಿಟ್ಟಿಗೆ ಇಂಥ ದಾರಿಯಿದೆ. ಅನುಮೋದಿತ ಕಿಟ್ಟನ್ನು ಕೂರಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಬಲೂನಿಗೂ ಹಾಗೇನಾದರೂ ಇದೆಯೇ ಎಂದು ಕಚೇರಿಯೊಂದರಲ್ಲಿ ವಿಚಾರಿಸಿದಾಗ, ‘ಅದಕ್ಕೆಲ್ಲ ಫಾರಂ ಇಲ್ಲ, ಎಫ್‌ಸಿಗೆ ಬರುವ ಹಿಂದಿನ ದಿನ ಬಿಚ್ಚಿಟ್ಟು ಬನ್ನಿ’ ಎಂಬ ಸಲಹೆ ಸಿಕ್ಕಿತು. ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆ. ಸಲಹೆ ಕೊಟ್ಟವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಅದರ ಫಲವನ್ನು ನೋಡಿ: ಎಂಟು ವರ್ಷ ದಾಟಿದ ಸಾರಿಗೆ ವಾಹನ ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲುತ್ತದೆ, ಬ್ರೇಕು ಬಲ್ಲ ಇನ್‌ಸ್ಪೆಕ್ಟರು ಅದನ್ನು ನೋಡುವುದು ಆ ಒಂದು ದಿನ, ಬಲೂನು ಗಾಡಿಯಲ್ಲಿ ಇರದಿರುವುದೂ ಅದೇ ದಿನ.

ಆದ್ದರಿಂದ ಸಾರಿಗೆ ಇಲಾಖೆಯವರಲ್ಲಿ ನನ್ನ ಕೋರಿಕೆ ಹೀಗಿದೆ. ಪಾಟಾ ಕೀಳದೆ ಜೊತೆಗೆ ಕೂರಿಸುವ ಬಲೂನು ಕಿಟ್ಟುಗಳಿಗೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆಯುವ ದಾರಿಯನ್ನು ತೆರೆಯುವಂತೆ ಕೇಂದ್ರಕ್ಕೆ ಬರೆಯಲಿ. ಹಿಂದಿನ ಬ್ರೇಕು ಎತ್ತರದಿಂದ ಭಾರ ಅಳೆಯುವ ವಾಹನಗಳಿಗೆ, ಭಾರ ಹೇರಿ ರೋಲರಿನ ಮೇಲೆ ಬ್ರೇಕು ಪರೀಕ್ಷಿಸದ ಯಾವ ಕಿಟ್ಟಿಗೂ ಒಪ್ಪಿಗೆ ಕೊಡದಿರಲಿ. ಅದಕ್ಕೆ ಕಾಲ ಹಿಡಿಯುತ್ತದೆಂಬುದು ಗೊತ್ತು. ಅಲ್ಲಿಯವರೆಗೆ ಎಫ್‌ಸಿ ತಪಾಸಣೆಯಲ್ಲಿ ಚಾಸಿಯ ಮೇಲೆ ಬಲೂನಿನ ತಟ್ಟೆಯ ಬೋಲ್ಟುತೂತುಗಳು ಕಂಡರೆ ಗದರಿಸಿ ಕಳಿಸುವ ಬದಲು, ಆ ಮಾಲೀಕನನ್ನು ಗಾಡಿಯ ಕೆಳಗೆ ಕರೆದೊಯ್ದು ಆ ಸರಳನ್ನು ಒಮ್ಮೆ ತೋರಿಸಿದರೂ ಸಾಕು. ಯೂಟ್ಯೂಬಿನಲ್ಲಿ ಈ ಕೆಲಸ ತೋರಿಸುವ ನಮ್ಮ ಹುಡುಗರು ಕೂಡ ಕ್ಯಾಮೆರಾವನ್ನು ಒಂದು ನಿಮಿಷ ಅದರ ಕಡೆ ತಿರುಗಿಸಲಿ.

ನನ್ನ ಬಲೂನುಗಳೆರಡೂ ಈಗ ಗೋಣಿಚೀಲದಲ್ಲಿ ಕೊಟ್ಟಿಗೆಯ ಅಟ್ಟದ ಮೇಲಿವೆ. ತಟ್ಟೆಗಳು, ಬೋಲ್ಟುಗಳು, ಅಳತೆ ಬರೆದಿಟ್ಟ ನೋಟ್‌ಬುಕ್ಕೂ ಜೊತೆಗಿವೆ. ಇಲಾಖೆಯವರು ಪರೀಕ್ಷೆಗೆ ಬೇಕೆಂದರೆ ಗಾಡಿಯ ಸಮೇತ ನನ್ನ ಖರ್ಚಿನಲ್ಲಿಯೇ ತಂದು ನಿಲ್ಲಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಮೆಕ್ಯಾನಿಕ್
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ